ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಬಿಸ್ಕೆಟ್ ಕವರುಗಳು

ಬಸ್ರೂರಿನ ನಮ್ಮ ಮನೆಯ ಹಿಂದಿನ ಕಾಲುದಾರಿಯಲ್ಲಿ ಐದು ನಿಮಿಷ ನಡೆದರೆ ಹೊಳೆ. ಕೆಲವು ವರ್ಷಗಳ ಹಿಂದೆ, ನೆರೆ ಇಳಿದ ಮೇಲೆ, ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೊಂಬೆಕೊಂಬೆಗೂ ಪ್ಲಾಸ್ಟಿಕ್ ತೊಟ್ಟೆಗಳು ಸಿಕ್ಕಿಕೊಂಡಿದ್ದವು. ಒಂದರ ಮೇಲೆ ನಾವೇ ಸಾಮಾನು ತರುವ ಅಂಗಡಿಯ ಹೆಸರಿತ್ತು. ವಂಡ್ಸೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ವರ್ಷವರ್ಷವೂ ಮಕ್ಕಳಿಗೆ ಪರಿಸರದ ಪಾಠ ಹೇಳಿದ ನನಗೆ ಅವತ್ತು ವಿಪರೀತ ನಾಚಿಕೆಯಾಯಿತು.

ಮಾರನೇ ದಿನದಿಂದಲೇ ಮನೆಯನ್ನು ಬದಲಿಸಲು ಹೊರಟೆ. ಮನೆಯಲ್ಲಿ ಇದ್ದದ್ದು ಮೂವರು: ನಾನು, ಕುಂದಾಪುರದಲ್ಲಿ ಸಣ್ಣ ಹೋಟೆಲು ನಡೆಸುವ ನನ್ನ ಗಂಡ, ಅವರ ತಾಯಿ. ಬಟ್ಟೆಚೀಲ ಹೊಲಿಸಿದೆ, ಪಾತ್ರೆ ತಿಕ್ಕಲು ತೆಂಗಿನ ನಾರು ಇಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಒಂದು ಡಬ್ಬ ಇಟ್ಟು, ಆ ವಾರ ಮನೆಯೊಳಗೆ ಬಂದ ಪ್ಲಾಸ್ಟಿಕ್ಕನ್ನೆಲ್ಲ ಅದರಲ್ಲೇ ಹಾಕಬೇಕೆಂದೆ. ಭಾನುವಾರ ಅದನ್ನು ಜಗಲಿಯಲ್ಲಿ ಸುರಿದು, "ಇದು ಯಾರು ತಂದದ್ದು, ಇದು ಯಾರದ್ದು" ಎಂದು ಒಂದೊಂದಾಗಿ ಕೇಳುತ್ತಿದ್ದೆ. ಗಂಡ ಎದ್ದುಹೋಗುತ್ತಿದ್ದರು. ಅತ್ತೆ ತಲೆ ತಗ್ಗಿಸಿ ಕೂತಿರುತ್ತಿದ್ದರು. ನನಗೆ ನಿದ್ರೆ ಕಡಿಮೆಯಾಯಿತು. ಶಾಲೆಯಲ್ಲಿ ಮಕ್ಕಳು ಚಿಪ್ಸ್ ಪೊಟ್ಟಣ ಒಡೆಯುವ ಸದ್ದಿಗೂ ಎದೆ ಡವಗುಟ್ಟುತ್ತಿತ್ತು. ಇದು ಕಾಳಜಿ ಎಂದೇ ನಾನು ತಿಳಿದುಕೊಂಡಿದ್ದೆ.

ಹೀಗೇ ನಾಲ್ಕೈದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಅತ್ತೆ ಬಾವಿಕಟ್ಟೆಯ ಹತ್ತಿರ ತಲೆ ತಿರುಗಿ ಬಿದ್ದರು. ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದೊತ್ತಡ ತುಂಬ ಏರಿತ್ತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದರು.

"ಎರಡ್ ದಿನಕ್ ಒಂದ್ ತಕಂತೆ," ಎಂದರು ಅತ್ತೆ, ನನ್ನ ಕಡೆ ನೋಡದೆ.

ದಿನಕ್ಕೊಂದು ಎಂದು ಬರೆದುಕೊಟ್ಟದ್ದು. ಒಂದು ದಿನ ಅಲ್ಲೇ ಇರಲಿ ಎಂದರು ಡಾಕ್ಟರು. ಸೀರೆ ತರಲು ನಾನು ಮನೆಗೆ ಬಂದೆ. ಅತ್ತೆಯ ತಗಡಿನ ಪೆಟ್ಟಿಗೆ ತೆರೆದು ಮೇಲಿನ ಸೀರೆ ಎತ್ತಿದೆ. ಅಡಿಯಲ್ಲಿ ಬಿಸ್ಕೆಟ್ ಕವರುಗಳು, ಒಂದೊಂದನ್ನೂ ಸಣ್ಣಗೆ ಮಡಚಿ ಜೋಡಿಸಿಟ್ಟಿದ್ದರು. ಪಕ್ಕದಲ್ಲಿ ಮಾತ್ರೆಯ ಖಾಲಿ ಪ್ಲಾಸ್ಟಿಕ್ ಹಾಳೆಗಳು. ನನ್ನ ಡಬ್ಬಕ್ಕೆ ಬೀಳದಿರಲೆಂದು ಎಪ್ಪತ್ತು ದಾಟಿದ ಹೆಂಗಸು ಅವನ್ನೆಲ್ಲ ಬಚ್ಚಿಟ್ಟಿದ್ದರು. ಹಾಳೆಗಳು ಕಡಿಮೆಯಾಗಲೆಂದು ಮಾತ್ರೆಯನ್ನೇ ದಿನ ಬಿಟ್ಟು ದಿನ ನುಂಗಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಸ್ಪತ್ರೆಗೆ ಹಿಂದಿರುಗಿ ಅವರ ಮಂಚದ ಪಕ್ಕ ಕೂತೆ. "ಅತ್ತೆ, ನಂಗೆ ಅಷ್ಟ್ ಹೆದ್ರುದಾ ನೀವು?" ಎಂದು ಕೇಳಿದೆ.

"ನಿಂಗೆ ಹೆದ್ರಿದ್ದಲ್ಲ ಹೆಣೆ," ಎಂದರು ಅವರು. "ತೊಟ್ಟೆ ಕಂಡ್ರೆ ನಿನ್ ಮುಖ ಸಣ್ಣ ಆತ್ತ್. ಅದ್ನ ಕಾಂಬುಕ್ ಆತಿಲ್ಲ ನಂಗೆ."

ಬೈಗುಳವಾದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಅಳು ನಿಲ್ಲಲಿಲ್ಲ. ಅವರೇ ಸೆರಗಿನಿಂದ ನನ್ನ ಕಣ್ಣೊರೆಸಿದರು.

ಮಾರನೇ ದಿನ ಡಾಕ್ಟರು ಅತ್ತೆಯನ್ನು ನೋಡಿ ಮುಗಿಸಿ, ನನ್ನ ಕಡೆ ತಿರುಗಿ, "ಅಮ್ಮಂಗೆ ಇನ್ ತೊಂದ್ರೆ ಇಲ್ಲ. ನಿಮ್ಗೆ ಸರಿ ನಿದ್ರಿ ಬತ್ತಾ?" ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಅದೇ ಆಸ್ಪತ್ರೆಯ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಐದಾರು ಶನಿವಾರ ಶಾಲೆ ಮುಗಿಸಿ ಬಸ್ಸು ಹಿಡಿದು ಅವರಲ್ಲಿಗೆ ಹೋದೆ. ಕೈಲಾಗುವ ಕೆಲವನ್ನು ಆರಿಸಿಕೊಂಡು ಮಾಡಿ, ಉಳಿದದ್ದನ್ನು ದಿನಾ ಅಳೆಯಬೇಡಿ ಎಂದರು ಆಕೆ. ಕೇಳಲು ಸುಲಭ, ರೂಢಿಗೆ ಬರಲು ತಿಂಗಳುಗಳೇ ಬೇಕಾದವು. ಆ ಇಬ್ಬರನ್ನೂ ಈಗಲೂ ನೆನೆಯುತ್ತೇನೆ.

ಆರಿಸಿಕೊಡುವ ಕೆಲಸಕ್ಕೆ ಅತ್ತೆಯೇ ಮುಂದಾದರು. "ಮದ್ದ್, ಬಿಸ್ಕೀಟ್ ಎರಡ್ರ ಲೆಕ್ಕ ಬಿಟ್ಬಿಡ್. ಬೇರೆದ್ ನಾ ಹೇಳ್ತೆ ಕಾಣ್," ಎಂದು ಜಗಲಿಯಲ್ಲಿ ಕೂತು ಹೇಳತೊಡಗಿದರು. ಬಚ್ಚಲಿನ ನೀರನ್ನು ಬಾಳೆಬುಡಕ್ಕೆ ತಿರುಗಿಸಿದೆವು. ಅಡುಗೆಮನೆಯ ಕಸಕ್ಕೆ ಅಂಗಳದ ಮೂಲೆಯಲ್ಲಿ ಗುಂಡಿ ತೆಗೆದೆವು. ಆ ಗೊಬ್ಬರದಲ್ಲಿ ಹರಿವೆ, ಬೆಂಡೆ ಬೆಳೆದವು. ತಲೆಸ್ನಾನಕ್ಕೆ ದಾಸವಾಳದ ಎಲೆ ಕಿವುಚಿ ಲೋಳೆಯಂತಹ ಗೊಂಪು ಮಾಡುವುದನ್ನು ಅವರು ಕಲಿಸಿಕೊಟ್ಟರು. ಮೀನು ಮಾರುವಾಕೆಗೂ ಅವರೇ ಹೇಳಿಟ್ಟದ್ದರಿಂದ, ಆಕೆ ಗೇಟಿನಲ್ಲೇ ನಿಂತು, "ಹ್ವಾಯ್, ಪಾತ್ರಿ ತಕಂಡ್ ಬನ್ನಿ," ಎಂದು ಕೂಗುತ್ತಾಳೆ. ಗಂಡ ಹೋಟೆಲಿನಲ್ಲಿ ಮನೆಯಿಂದ ಡಬ್ಬ ತಂದವರಿಗೆ ಸಾಂಬಾರು ಒಂದು ಸೌಟು ಜಾಸ್ತಿ ಹಾಕಿಕೊಡಲು ಶುರುಮಾಡಿದರು. ನಾನು ಹೇಳಿ ಮಾಡಿಸಿದ್ದಲ್ಲ ಅದು. ಅವರಿಗೇ ತೋಚಿದ್ದು. ಜಗಲಿಯ ವಿಚಾರಣೆ ಸಹಿಸಿಕೊಂಡ ಮನುಷ್ಯ ಹೀಗೆ ಮಾಡಿದರಲ್ಲ ಎಂದು ನೆನೆದಾಗ ಮನಸ್ಸು ತುಂಬಿಬರುತ್ತದೆ.

ಕಳೆದ ವರ್ಷ ಮನೆಯಲ್ಲಿ ಪೂಜೆ ಇತ್ತು. ಊಟಕ್ಕೆ ಬಾಳೆಲೆ, ಕುಡಿಯಲು ಅಕ್ಕಪಕ್ಕದ ಮನೆಗಳಿಂದ ತಂದ ಸ್ಟೀಲ್ ಲೋಟ. ಗುಲ್ವಾಡಿಯ ನೆಂಟರು ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಬಂದರು. ಲೋಟ ಸಾಲಲಿಲ್ಲ. ಪೂಜೆಗೆಂದು ಬಂದಿದ್ದ ಮೈದುನ ಪೇಟೆಗೆ ಹೋಗಿ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಪೇಪರ್ ಲೋಟದ ಕಟ್ಟು ತಂದುಬಿಟ್ಟ. ಗಂಡ ನನ್ನ ಮುಖವನ್ನೇ ನೋಡುತ್ತ ನಿಂತರು. ಒಂದು ಗಳಿಗೆ ಎದೆ ಹಿಡಿದಂತಾದದ್ದು ನಿಜ. ಆಮೇಲೆ ನಾನೇ ಅದೇ ಪೇಪರ್ ಲೋಟವೊಂದಕ್ಕೆ ಪಾಯಸ ಹಾಕಿಸಿಕೊಂಡು ನೆಂಟರ ನಡುವೆ ಹೋಗಿ ಕೂತೆ.

"ಎಂತ, ಅಡ್ಡಿಲ್ಯಾ?" ಎಂದು ಗಂಡ ಮೆಲ್ಲಗೆ ಕೇಳಿದರು.

"ಬೆಲ್ಲ ಸ್ವಲ್ಪ ಜಾಸ್ತಿ ಆಯ್ತ್," ಎಂದೆ.

ಆಚೆ ಸಾಲಿನಲ್ಲಿ ಅತ್ತೆ, ಇನ್ನೊಂದು ಸೌಟು ಬಡಿಸುವಂತೆ ಮೈದುನನನ್ನು ಕರೆಯುತ್ತಿದ್ದರು.