ಖೋಡಿ ಹೇಳಿ ಮಾರಿದ ಸ್ಕೂಟರ್

ಬೀಳಗಿಯ ಸುತ್ತಲಿನ ಹಳ್ಳಿಗಳಲ್ಲಿ ತಾರವ್ವನ ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಸ್ಕೂಟರ್ ನರ್ಸಬಾಯಿ ಎಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತವೆ. ಸೂಜಿ ಚುಚ್ಚಿಸಿಕೊಂಡ ಮಕ್ಕಳು ತೋರಿಸಿ ಓಡಿಹೋಗುತ್ತವೆ.

ಆಲಮಟ್ಟಿಯ ಹಿನ್ನೀರು ಏರಿ ಊರುಗಳು ಎತ್ತರದ ಜಾಗಕ್ಕೆ ಹೋದ ಮೇಲೆ ಒಂದೊಂದು ಪುನರ್ವಸತಿ ಊರೂ ಒಂದೊಂದು ದಿಕ್ಕಿಗೆ ಬಿತ್ತು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಗುತ್ತಿಗೆಯ ಮೇಲೆ ನರ್ಸ್ ಆಗಿ ಸೇರಿದ ತಾರವ್ವ ಬಸ್ಸಿಗೆ ಕಾದು ಕಾದು ಸಾಕಾಗಿ ಒಂದು ಸ್ಕೂಟರ್ ಕೊಂಡಳು. ಮುಂದೆ ಲಸಿಕೆಯ ಡಬ್ಬಿ, ಹಿಂದೆ ತೂಕದ ಕಾಟಾ ಕಟ್ಟಿಕೊಂಡು ಹೊರಟಳೆಂದರೆ ಮಳೆಯ ಕೆಸರಿರಲಿ, ಕಬ್ಬಿನ ಗಾಡಿಗಳು ದಾರಿ ಕಟ್ಟಲಿ, ಹೇಳಿದ ದಿನಕ್ಕೆ ಹೇಳಿದ ಊರಿನಲ್ಲಿ ಇರುತ್ತಿದ್ದಳು. ಆ ಸ್ಕೂಟರಿಲ್ಲದಿದ್ದರೆ ಆಕೆಯ ಕೆಲಸವೂ ಇಲ್ಲ ಎನ್ನುವಂತಿತ್ತು.

ತಾರವ್ವನ ತಂದೆ ಲಗಮಪ್ಪ ಮುಧೋಳದ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದವನು. ಎತ್ತಿನ ಕುಂದಿಗೆ ಆ ಕಡೆ ಖೋಡಿ ಎನ್ನುತ್ತಾರೆ. ಹಾಯುತ್ತದೆ, ಒದೆಯುತ್ತದೆ, ಬಲಗಡೆ ಕಟ್ಟಿದರೆ ಎಳೆಯುವುದಿಲ್ಲ, ಹೀಗೆ. ಲಗಮಪ್ಪ ಖೋಡಿಯನ್ನು ಮೊದಲು ಹೇಳಿ ಆಮೇಲೆ ಬೆಲೆ ಹೇಳುತ್ತಿದ್ದ. ಅವನ ಹತ್ತಿರ ಇನ್ನೊಂದು ಪದ್ಧತಿಯೂ ಇತ್ತು. ತನ್ನ ಮನೆಯ ಎತ್ತನ್ನು ಕೊಟ್ಟರೂ ಅದರ ಹಗ್ಗ ಕೊಡುತ್ತಿರಲಿಲ್ಲ. ಬಿಚ್ಚಿಕೊಂಡು ಮನೆಗೆ ತಂದು ಗೂಟಕ್ಕೆ ಹಾಕುತ್ತಿದ್ದ. ಹಗ್ಗವೂ ಹೋದರೆ ಮನೆಯ ಲಕ್ಷ್ಮಿಯೂ ಎತ್ತಿನ ಹಿಂದೆ ಹೋಗುತ್ತಾಳೆ ಎಂಬ ನಂಬಿಕೆ. ಇದು ಅವನೊಬ್ಬನದಲ್ಲ, ಅಲ್ಲಿಯ ಎಲ್ಲರದೂ. ಕೊಳ್ಳುವವನು ಹೊಸ ಹಗ್ಗ ಹಿಡಿದೇ ಸಂತೆಗೆ ಬರುತ್ತಾನೆ.

ಎರಡು ಸಾವಿರದ ಒಂಬತ್ತರ ಸುಮಾರಿಗೆ ತಾರವ್ವನ ಸ್ಕೂಟರಿಗೆ ವಯಸ್ಸಾಯಿತು. ಹೊಸದಕ್ಕೆ ಸಾಲ ಸಿಕ್ಕಿತು. ಆದರೆ ಮುಂಗಡ ಕಟ್ಟಲು ಹಳೆಯದನ್ನು ಮಾರಲೇಬೇಕಿತ್ತು. ರಟ್ಟಿನ ಮೇಲೆ ಮಾರುವುದಿದೆ ಎಂದು ಬರೆದು ಸ್ಕೂಟರಿಗೆ ತೂಗುಹಾಕಿ ಬೀಳಗಿ ಆಸ್ಪತ್ರೆಯ ಮುಂದೆ ನಿಲ್ಲಿಸಿದಳು. ಯಾರನ್ನೋ ನೋಡಲು ಆಸ್ಪತ್ರೆಗೆ ಬಂದಿದ್ದ ಮುರಗೆಪ್ಪನ ಕಣ್ಣಿಗೆ ಅದು ಬಿತ್ತು.

ಮುರಗೆಪ್ಪ ಚಿಕ್ಕಪಡಸಲಗಿ ಕಡೆಯ ಜಮೀನ್ದಾರ. ಕಬ್ಬು, ಎರಡು ಜೋಡಿ ಎತ್ತು, ಒಂದು ಟ್ರ್ಯಾಕ್ಟರ್. ಮಗಳು ರಾಜಶ್ರೀ ಜಮಖಂಡಿಯಲ್ಲಿ ಬಿ.ಎ. ಓದುತ್ತಿದ್ದಳು. ಲೈಸೆನ್ಸ್ ಮಾಡಿಸಿಕೊಂಡು, ಗಾಡಿ ಕೊಡಿಸು ಎಂದು ಅಪ್ಪನ ಬೆನ್ನು ಹತ್ತಿದ್ದಳು. ಮರುದಿನ ಅಪ್ಪ ಮಗಳು ಇಬ್ಬರೂ ತಾರವ್ವನ ಮನೆಗೆ ಬಂದರು.

ತಾರವ್ವ ಅಪ್ಪನ ಮಗಳು. ಬೆಲೆಗಿಂತ ಮೊದಲು ಖೋಡಿ ಹೇಳಿದಳು. ಸೆಲ್ಫ್ ಹತ್ತುವುದಿಲ್ಲ, ಕಿಕ್ ಹೊಡೆಯಬೇಕು. ಒಮ್ಮೆ ಎಮ್ಮೆಗೆ ಬಡಿದಿತ್ತು, ಮುಂದಿನ ಮಡ್ಗಾರ್ಡಿಗೆ ಬಣ್ಣ ಹಚ್ಚಿಸಿದೆ. ಇಷ್ಟು ಹೇಳಿ, ದೊಡ್ಡದನ್ನು ಕೊನೆಗೆ ಹೇಳಿದಳು.

"ಸಾವ್ಕಾರ್ರ, ಇದು ಎಣ್ಣಿ ಕುಡೀತೈತಿ. ವಾರಕ್ಕೊಮ್ಮಿ ಇಂಜಿನ್ ಎಣ್ಣಿ ನೋಡಿ ಹಾಕಬೇಕು. ಇಲ್ಲಂದ್ರ ಇಂಜಿನ್ ಹಿಡಕೋತೈತಿ."

"ಕುಡಿಯೂ ಗಾಡಿಗೆ ಇಷ್ಟ ರೊಕ್ಕ ಯಾವ ಶ್ಯಾಣ್ಯಾ ಕೊಡ್ತಾನ್ರಿ? ಇಳಸ್ರಿ," ಎಂದ ಮುರಗೆಪ್ಪ, ಆಮೇಲೆ ಆಕೆ ಹೇಳಿದ ಬೆಲೆ ಕೇಳಿ.

ತಾರವ್ವ ಇಳಿಸಿದಳು. ಮುರಗೆಪ್ಪ ರೊಕ್ಕ ಎಣಿಸಿ ಕೊಟ್ಟ. ಹೊಸ ಹಗ್ಗ ತಂದ ಹಾಗೆ ಹೊಸ ಕೀಚೈನ್ ತಂದಿದ್ದ, ಕೀಲಿಯನ್ನು ಅದಕ್ಕೆ ಹಾಕಿ ಮಗಳ ಕೈಗೆ ಕೊಟ್ಟ. ತಾರವ್ವ ಡಿಕ್ಕಿಯಲ್ಲಿದ್ದ ಆರ್‌ಸಿ ಪುಸ್ತಕ ತೆಗೆದುಕೊಂಡು ಒಳಗೆ ಹೋಗಿ ದೇವರ ಜಗುಲಿಯ ಮೇಲೆ ಇಟ್ಟಳು. ಮೋಸದ ಯೋಚನೆ ಆಕೆಯ ತಲೆಯಲ್ಲಿ ಇರಲೇ ಇಲ್ಲ. ಇಷ್ಟು ವರ್ಷ ಅನ್ನ ಕೊಟ್ಟ ಗಾಡಿ ಹೋಗುತ್ತಿದೆ, ಅದರದು ಅಂತ ಮನೆಯಲ್ಲಿ ಏನಾದರೂ ಉಳಿಯಬೇಕಲ್ಲ. ವಿಚಿತ್ರವೆಂದರೆ ಮುರಗೆಪ್ಪನೂ ಅದನ್ನು ಕೇಳಲಿಲ್ಲ. ಅವನು ಹುಟ್ಟಿದಾಗಿನಿಂದ ಎತ್ತು ಕೊಂಡವನು. ಮಾರಿದವನ ಹತ್ತಿರ ಹಗ್ಗ ಕೇಳುವುದು ಮರ್ಯಾದೆಯಲ್ಲ ಎಂದು ಗೊತ್ತಿದ್ದವನು.

ಕಬ್ಬಿನ ಹಂಗಾಮು ಶುರುವಾದಾಗ ಮುರಗೆಪ್ಪನ ಟ್ರ್ಯಾಕ್ಟರ್ ತಾರವ್ವನ ಮನೆಯ ಮುಂದೆ ನಿಂತಿತು. ಹಿಂದಿನ ಟ್ರೇಲರಿನಲ್ಲಿ ಕಬ್ಬಿನ ಒಣಗರಿಯ, ಅಂದರೆ ರವದಿಯ ಮೇಲೆ ಸ್ಕೂಟರ್ ಮಲಗಿತ್ತು. ಚಿಕ್ಕಪಡಸಲಗಿ ಬ್ಯಾರೇಜ್ ದಾಟುವಾಗ ಇಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತ್ತಂತೆ. ರಾಜಶ್ರೀ ಅದನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಊರಿನವರೆಲ್ಲ ನೋಡಿದರಂತೆ. ಮೆಕ್ಯಾನಿಕ್ ಇಂಜಿನ್ ಪೂರ್ತಿ ಬಿಚ್ಚಬೇಕು ಎಂದಿದ್ದ. ಮುರಗೆಪ್ಪ ಟ್ರ್ಯಾಕ್ಟರಿನಿಂದ ಇಳಿಯದೆಯೇ ಮಾತಾಡಿದ.

"ಇಳಿಸಿಕೋರಿ ನರ್ಸಬಾಯಿ, ನಮ್ಮ ರೊಕ್ಕ ಹೊಳ್ಳಿ ಕೊಡ್ರಿ. ಎತ್ತು ನೊಗದಾಗ ಮಲಗಿದ್ರ ಹೊಳ್ಳಿ ತಗೊಳ್ಳೂದು ಎಲ್ಲಾ ಕಡೆ ಐತಿ. ಇದು ನಡು ದಾರ್ಯಾಗ ಮಲಗೇತಿ."

ತಾರವ್ವ ಎಣ್ಣೆಯ ಮಾತು ನೆನಪಿಸಿದಳು. ಮುರಗೆಪ್ಪ ಅಂಥ ಮಾತೇ ಆಗಿಲ್ಲ ಎಂದ. ರೊಕ್ಕ ಹೊಸ ಗಾಡಿಗೆ ಹೋಗಿದೆ, ಕೊಡಲು ಇಲ್ಲ ಎಂದಳು. ಓಣಿಯ ಜನ ಸೇರುವ ಹೊತ್ತಿಗೆ ಅವನ ಮಾತಿನ ಕೊನೆಯ 'ರಿ' ಬಿದ್ದುಹೋಯಿತು.

"ಅಮಾಸಿ ಮಟಾ ನೋಡ್ತೇನಿ. ಆಮ್ಯಾಲ ಸ್ಟೇಶನ್ನಿಗೂ ಅರ್ಜಿ, ನಿನ್ನ ಆಫೀಸಿಗೂ ಅರ್ಜಿ. ಮೋಸ ಮಾಡೂ ಬಾಯಿ ಕೈಯಾಗ ಸರಕಾರ ಸೂಜಿ ಹ್ಯಾಂಗ ಕೊಟ್ಟೈತಿ ಕೇಳ್ತೇನಿ."

ಸ್ಕೂಟರನ್ನು ಇಳಿಸದೆ ವಾಪಸ್ ಒಯ್ದ. ಆದರೆ ಆ ಮಾತು ತಾರವ್ವನ ಅಂಗಳದಲ್ಲೇ ಉಳಿಯಿತು. ಆಕೆಯದು ಪ್ರತಿ ಮಾರ್ಚಿಗೆ ಮುಂದುವರಿಸುವ ಗುತ್ತಿಗೆ. ಅರ್ಜಿ ಒಂದು ಬಂದರೆ ಖರೆಯೋ ಸುಳ್ಳೋ ಎಂದು ವಿಚಾರಿಸುವ ತಾಪತ್ರಯವೇ ಬೇಡವೆಂದು ಬೇರೆಯವರನ್ನು ತೆಗೆದುಕೊಳ್ಳಬಹುದು. ರೊಕ್ಕ ಕೊಡೋಣವೆಂದರೆ ಹೊಸ ಸ್ಕೂಟರ್ ಮಾರಬೇಕು. ಸ್ಕೂಟರಿಲ್ಲದೆ ಅದೇ ಕೆಲಸ ಮಾಡುವುದು ಹೇಗೆ? ಎರಡೂ ಕಡೆಯಿಂದ ಕೆಲಸಕ್ಕೇ ಕುತ್ತು.

ಅಪ್ಪನಾದರೂ ತನ್ನ ಕಡೆ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಲಗಮಪ್ಪ ಮೊದಲು ಕೇಳಿದ್ದೇ, ಖೋಡಿ ಹೇಳುವಾಗ ಪಕ್ಕದಲ್ಲಿ ಯಾರಿದ್ದರು ಎಂದು. ಸಂತೆಯಲ್ಲಿ ಮೂರನೆಯವನ ಕಿವಿಗೆ ಬೀಳದ ಮಾತು ಮಾತೇ ಅಲ್ಲ. ಮುರಗೆಪ್ಪನ ಮಗಳು ಇದ್ದಳು ಎಂದು ತಾರವ್ವ ಹೇಳಿದಾಗ ಮುದುಕ ತಲೆ ಅಲ್ಲಾಡಿಸಿದ.

"ಆಕಿ ಅಪ್ಪನ್ನ ಬಿಟ್ಟು ನಿನ್ನ ಕಡೆ ಹೇಳ್ತಾಳೇನ ಯವ್ವಾ? ತಗೊಂಬಿಡು ಹೊಳ್ಳಿ."

ತಾರವ್ವ ಒಪ್ಪಲಿಲ್ಲ. ಎರಡು ದಿನ ಬಿಟ್ಟು ರಜೆ ಹಾಕಿ ಜಮಖಂಡಿಗೆ ಹೋದಳು.

ಜಮಖಂಡಿ ಕೋರ್ಟಿನ ಹತ್ತಿರ ಸುವರ್ಣಾ ಎಂಬ ವಕೀಲೆಯ ಆಫೀಸಿತ್ತು. ಆಕೆಯ ಬಾಣಂತನದಲ್ಲಿ ತಾರವ್ವ ಓಡಾಡಿದ್ದಳು, ಹಾಗಾಗಿ ಪರಿಚಯ. ಸುವರ್ಣಾ ಪೂರ್ತಿ ಕೇಳಿಸಿಕೊಂಡು ಒಂದೊಂದಾಗಿ ಬಿಡಿಸಿ ಹೇಳಿದಳು. ಗ್ರಾಹಕರ ಕೋರ್ಟಿಗೆ ಮುರಗೆಪ್ಪ ಹೋದರೂ ಅದು ನಿಲ್ಲುವುದು ಕಷ್ಟ. ಅದು ವ್ಯಾಪಾರ ಮಾಡುವವರ ಮೇಲೆ ಹೋಗುವ ಕೋರ್ಟು, ತಾರವ್ವ ತನ್ನ ಸ್ವಂತ ಗಾಡಿ ಮಾರಿದವಳು. ಹಳೆಯ ಗಾಡಿಯನ್ನು ನೋಡಿ, ಕೇಳಿ ತೆಗೆದುಕೊಳ್ಳುವ ಹೊಣೆ ಕೊಳ್ಳುವವನದು. ಕೆಟ್ಟುಹೋಯಿತು ಎಂಬ ಒಂದೇ ಕಾರಣಕ್ಕೆ ರೊಕ್ಕ ವಾಪಸ್ ಕೇಳಲು ಬರುವುದಿಲ್ಲ. ತಾರವ್ವ ಸುಳ್ಳು ಹೇಳಿದ್ದರೆ, ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಅಥವಾ ಕೆಟ್ಟರೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದರೆ ಬೇರೆ ಮಾತು. ಆಗ ಅವನು ಸಿವಿಲ್ ಕೋರ್ಟಿಗೆ ಹೋಗಿ ಅದನ್ನು ತೋರಿಸಿಕೊಡಬೇಕು. ರೊಕ್ಕ ವಸೂಲಿ ಮಾಡಿಕೊಡುವುದು ಪೊಲೀಸರ ಕೆಲಸವಲ್ಲ.

ಮಲಗಿದ ಎತ್ತನ್ನು ವಾಪಸ್ ತೆಗೆದುಕೊಳ್ಳುವ ರಿವಾಜಿನ ಬಗ್ಗೆ ತಾರವ್ವ ಕೇಳಿದಳು. ಮಾರುವಾಗ ಆ ಮಾತು ಇಬ್ಬರ ನಡುವೆ ಆಗಿದ್ದರೆ ಲೆಕ್ಕಕ್ಕೆ ಬರುತ್ತಿತ್ತು, ಆಗಿಲ್ಲ, ಸ್ಕೂಟರಿಗೆ ಅಂಥ ರಿವಾಜೂ ಇಲ್ಲ ಎಂದಳು ಸುವರ್ಣಾ. ಬೆಲೆ ಇಳಿಸಿದ್ದು ಯಾಕೆ ಎಂಬುದು ಮುಖ್ಯ, ಖೋಡಿ ಗೊತ್ತಿದ್ದದ್ದಕ್ಕೇ ಇಳಿಸಿದ್ದು ಎಂದಾದರೆ ತಾರವ್ವನ ಕಡೆ ಗಟ್ಟಿ ಎಂದಳು. ತಾರವ್ವನಿಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ವಕೀಲೆ, ಆರ್‌ಸಿ ಅವರ ಹೆಸರಿಗೆ ಆಯಿತೇ ಎಂದು ಕೇಳಿದಳು.

"ಅದು ನಮ್ಮ ಜಗಲಿ ಮ್ಯಾಲ ಐತ್ರಿ ಮೇಡಂ."

ಸುವರ್ಣಾ ಪೆನ್ನು ಕೆಳಗಿಟ್ಟಳು. "ಅಕ್ಕಾರ, ಗಾಡಿ ಅವರ ಮನ್ಯಾಗ, ಹೆಸರು ನಿಮ್ಮದು. ನಾಳೆ ಆ ಹುಡುಗಿ ಯಾರಿಗರೆ ಗುದ್ದಿದ್ರ ನೋಟೀಸು ಯಾರಿಗೆ ಬರ್ತೈತಿ? ನಿಮಗ. ಅವರು ಎಲ್ಲಾ ಸುಳ್ಳ ಹೇಳ್ಯಾರಂತ ಇಟ್ಕೊಳ್ರಿ, ಇದೊಂದರಾಗ ತಪ್ಪು ನಿಮ್ಮದ ಐತಿ."

ಕಾಗದ ಕೊಡದೆ ಗಾಡಿ ಮಾರಿದ್ದಕ್ಕೆ ಬೇಕಾದರೆ ಅವನು ತಕರಾರು ತೆಗೆಯಬಹುದಿತ್ತು, ಅದು ಅವನಿಗೆ ಹೊಳೆದಿಲ್ಲ ಅಷ್ಟೇ. ಹೆಸರು ಬದಲಾವಣೆಯ ಫಾರಂಗಳಿಗೆ ಸಹಿ ಮಾಡಿ ಮಾರಿದ ಕೂಡಲೇ ಆರ್‌ಟಿಓ ಆಫೀಸಿಗೆ ತಿಳಿಸಬೇಕಿತ್ತು, ವಿಮೆಯೂ ಅವರ ಹೆಸರಿಗೆ ಹೋಗಬೇಕಿತ್ತು. ಈಗಲಾದರೂ ಹೋಗಿ ಕೊಡಿ, ಅರ್ಜಿ ಬಿಟ್ಟರೆ ಮಾತ್ರ ಕೊಡುತ್ತೇನೆ ಎಂದು ಷರತ್ತು ಹಾಕಬೇಡಿ ಎಂದು ಸುವರ್ಣಾ ಹೇಳಿದಳು. ಪುಸ್ತಕ ಹಿಡಿದು ಹೋದರೆ ತಪ್ಪೊಪ್ಪಿಕೊಂಡಳು ಎಂದು ಅವನು ಕೂಗಾಡುವುದಿಲ್ಲವೇ ಎಂದು ತಾರವ್ವ ಕೇಳಿದಳು. ಕೂಗಾಡಲಿ, ಯಾವ ತಪ್ಪು ನಿಮ್ಮದು, ಯಾವುದು ಅಲ್ಲ ಎಂದು ನಿಮಗೆ ಗೊತ್ತಿದ್ದರೆ ಸಾಕು ಎಂಬ ಉತ್ತರ ಬಂತು.

ಅಮಾವಾಸ್ಯೆಗೆ ಮೊದಲಿನ ಭಾನುವಾರ ತಾರವ್ವ ಮುರಗೆಪ್ಪನ ಮನೆಗೆ ಹೊರಟಳು. ಹೊಸ ಸ್ಕೂಟರಿನ ಹಿಂದೆ ಲಗಮಪ್ಪ, ಅವನೇ ಬರುತ್ತೇನೆಂದು ಹತ್ತಿದ್ದ. ಮುರಗೆಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ಇಬ್ಬರನ್ನೂ ನೋಡಿ ಮುಖ ಗಂಟು ಹಾಕಿದ. ಅವನ ಹೆಂಡತಿ ಮುತ್ತವ್ವ ಚಾಪೆ ಹಾಸಿದಳು.

ತಾರವ್ವ ಸುತ್ತಿ ಬಳಸಲಿಲ್ಲ. ಆರ್‌ಸಿ ಪುಸ್ತಕವನ್ನೂ ಸಹಿ ಮಾಡಿದ ಫಾರಂಗಳನ್ನೂ ಮುಂದಿಟ್ಟಳು.

"ಇದನ್ನ ಅವತ್ತ ಕೊಡಬೇಕಿತ್ತು, ಕೊಡಲಿಲ್ಲ. ಇದು ನಂದ ತಪ್ಪು ಸಾವ್ಕಾರ್ರ. ತಡ ಆಗಿದ್ದಕ್ಕ ದಂಡ ಬಿದ್ರ ನಾ ಕಟ್ತೇನಿ. ಇಂಜಿನ್ನಿಂದು ನಂದಲ್ಲ. ರೊಕ್ಕ ಕೊಡೂದಿಲ್ಲ."

ಮುರಗೆಪ್ಪ ಪುಸ್ತಕವನ್ನು ಎತ್ತಿ ತಿರುಗಿಸಿ ನೋಡಿದ. ಇದನ್ನು ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳಿದ. ತಾರವ್ವ ಕಾರಣ ಹೇಳಿದಳು. ಮುರಗೆಪ್ಪನ ಮುಖ ಒಂದು ಗಳಿಗೆ ಸಡಿಲಾಯಿತು. ಈ ಒಂದು ಸಂಗತಿಯನ್ನು ಮಾತ್ರ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಕ್ಕೇ ತಾನೂ ಕೇಳಿರಲಿಲ್ಲ ಎಂದು ಅವನಿಗೇ ಹೊಳೆದಿರಬೇಕು. ಆದರೂ ಹಟ ಬಿಡಲಿಲ್ಲ. ಮಲಗಿದ ಎತ್ತಿನ ಮಾತು ಮತ್ತೆ ತೆಗೆದ.

ಆಗ ಲಗಮಪ್ಪ ಬಾಯಿ ಬಿಟ್ಟ. ದಾರಿಯುದ್ದಕ್ಕೂ ಮಗಳು ಹೇಳಿದ್ದನ್ನು ಕೇಳಿಕೊಂಡು ಬಂದಿದ್ದ. "ಧಣ್ಯಾರ, ಸಂತಿ ಮಾತ ಸಂತಿಯಂಗ ಆಡೂನು. ನೀವು ಹೊಳ್ಳಿಸಾಕತ್ತಿದ್ದು ಹೇಳಿದ ಖೋಡಿಗೋ, ಮುಚ್ಚಿಟ್ಟ ಖೋಡಿಗೋ?"

ಹೇಳಿದ ಖೋಡಿಗೆ ಎತ್ತು ವಾಪಸ್ ಬರುವುದಿಲ್ಲ ಎಂಬುದು ಆ ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತು. ಮುರಗೆಪ್ಪ ಮುಚ್ಚಿಟ್ಟದ್ದಕ್ಕೇ ಎಂದ. ಅವನ ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ. ಬಾಗಿಲ ಹತ್ತಿರ ರಾಜಶ್ರೀ ನಿಂತಿದ್ದಳು. ತಾರವ್ವ ಆಕೆಯ ಕಡೆ ನೋಡಲಿಲ್ಲ. ಹುಡುಗಿಯನ್ನು ಅಪ್ಪನ ಎದುರು ಸಾಕ್ಷಿಗೆ ಎಳೆಯುವುದು ಆಕೆಗೆ ಬೇಕಿರಲಿಲ್ಲ. ಹುಡುಗಿ ತಾನೇ ಮುಂದೆ ಬಂದಳು.

"ಅಪ್ಪಾ, ಎಣ್ಣಿದು ಅಕ್ಕಾರು ಹೇಳಿದ್ರು. ಅದರ ಮ್ಯಾಲ ನೀ ರೊಕ್ಕಾ ಇಳಿಸಿದಿ. ಮನಿಗೆ ಬಂದ ಮ್ಯಾಲ ನನಗ ಎಣ್ಣಿ ತಂದ ಕೊಡಂದ್ರ, ಮಾರವ್ರು ಹಂಗ ಅಂತಾರ, ಸುಮ್ನ ಹೊಡಿ ಅಂದಿ."

ಮುತ್ತವ್ವ ಗಂಡನ ಕಡೆ ತಿರುಗಿ, "ಕುಡಿಯೂ ಗಾಡಿ ಅಂತ ನಗಾಡಿಕೋತ ನೀವ ಬಂದಿದ್ರಿ ಅವತ್ತ," ಎಂದಳು.

ಮುರಗೆಪ್ಪ ತಪ್ಪಾಯಿತು ಎನ್ನಲಿಲ್ಲ. ಮಾತು ಬದಲಿಸಿ, ಹೆಸರು ಬದಲಾವಣೆಗೆ ಬಾಗಲಕೋಟೆಗೆ ಯಾವಾಗ ಹೋಗಬೇಕು ಎಂದು ಕೇಳಿದ. ಅಷ್ಟು ಹೊತ್ತು ಬಿಟ್ಟಿದ್ದ 'ರಿ' ಆ ಪ್ರಶ್ನೆಯ ಜೊತೆ ತಿರುಗಿ ಬಂದಿತ್ತು. ಅರ್ಜಿಯ ಬಗ್ಗೆ ತಾರವ್ವ ಬಾಯಿಬಿಟ್ಟು ಕೇಳಿದಳು. ಆಕೆಗೆ ಬೇಕಾಗಿದ್ದದ್ದು ಆ ಒಂದೇ ಮಾತು.

"ಬರೆಸಿದ್ನಿರಿ. ಕೊಟ್ಟಿಲ್ಲ," ಎಂದ ಮುರಗೆಪ್ಪ. ಒಳಗೆ ಹೋಗಿ ತಂದು ಮುತ್ತವ್ವನ ಕೈಗೆ ಕೊಟ್ಟು, ಒಲೆಗೆ ಹಾಕು ಎಂದ.

ಆ ವಾರವೇ ಬಾಗಲಕೋಟೆಯ ಆರ್‌ಟಿಓ ಆಫೀಸಿನ ಮುಂದೆ ಎಲ್ಲರೂ ಸೇರಿದರು. ಫಾರಂನಲ್ಲಿ ಕೊಳ್ಳುವವರ ಹೆಸರಿನ ಜಾಗ ಖಾಲಿಯಿತ್ತು. ಮುರಗೆಪ್ಪ ತನ್ನ ಹೆಸರು ಬರೆಯಿರಿ ಎಂದ. ಅವನ ಮನೆಯಲ್ಲಿ ಹೊಲ, ಟ್ರ್ಯಾಕ್ಟರ್, ಎಲ್ಲವೂ ಅವನ ಹೆಸರಿನಲ್ಲೇ ಇತ್ತು. ಬೇರೆ ಹೆಸರಿನ ಯೋಚನೆಯೇ ಅವನಿಗೆ ಬಂದಿರಲಿಲ್ಲ. ತಾರವ್ವ ಪೆನ್ನು ಹಿಡಿದುಕೊಂಡೇ, ವಕೀಲರು ತನಗೆ ಹೇಳಿದ್ದನ್ನು ಅವನಿಗೆ ಹೇಳಿದಳು. ಗಾಡಿ ಯಾರು ಹೊಡೆಯಲಿ, ಗುದ್ದಿದರೆ ನೋಟೀಸು ಪುಸ್ತಕದಲ್ಲಿ ಹೆಸರಿದ್ದವರಿಗೂ ಬರುತ್ತದೆ.

ಮುರಗೆಪ್ಪ ಆಫೀಸಿನ ಬಾಗಿಲನ್ನು ನೋಡಿದ, ಮಗಳನ್ನು ನೋಡಿದ.

"ಆಕಿ ಹೆಸರ್ಲೇ ಮಾಡ್ರಿ," ಎಂದ.

ರಾಜಶ್ರೀ ತನ್ನ ಹೆಸರನ್ನು ತಾನೇ ಬರೆದಳು. ಅಪ್ಪ ಮನಸ್ಸು ಬದಲಿಸುವುದಕ್ಕೆ ಮೊದಲೇ ಬರೆಯಬೇಕೆಂದು ಅವಸರ ಮಾಡಿದ್ದರಿಂದ ಅಕ್ಷರಗಳು ಸ್ವಲ್ಪ ಸೊಟ್ಟಗಾದವು. ಗುಮಾಸ್ತ ನಡೆಯುತ್ತದೆ ಎಂದ. ತಾರವ್ವ ದಂಡದ ರಸೀದಿ ತೆಗೆದುಕೊಂಡು ಹೊರಟಳು. ಮಧ್ಯಾಹ್ನ ಹಿನ್ನೀರಿನ ದಂಡೆಯ ಒಂದು ಊರಿನಲ್ಲಿ ಮಕ್ಕಳಿಗೆ ಸೂಜಿ ಇತ್ತು.