ಅಂಗಡಿಯಲ್ಲಿ ಮೌನ, ಹೋಟೆಲಿನಲ್ಲಿ ಚರಚರ

"ಅಣ್ಣಾ, ನೀವು ನಂಬಲ್ಲ ಅಂತ ಗೊತ್ತು. ಇಲ್ಲಿ ನಿಮ್ಮ ಮೇಜಿನ ಮೇಲೆ ಈ ಗಿಟಾರು ಹಾಲು ಕುಡಿದ ಮಗು ಥರ ಸುಮ್ಮನೆ ಇರುತ್ತೆ. ಸಂಜೆ ಹೋಟೆಲಿಗೆ ಹೋಗಿ ಪಿನ್ ಹಾಕಿ ನುಡಿಸೋಕೆ ಕೂತೆ ಅನ್ನಿ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚರ್ ಅನ್ನುತ್ತೆ. ವೈರು ಬದಲಾಯಿಸಿದೆ. ಪ್ಲಗ್ಗು ಬೇರೆ ಗೋಡೆಗೆ ಹಾಕಿದೆ. ಮೊಬೈಲು ದೂರ ಇಟ್ಟೆ. ಒಂದು ಗಳಿಗೆ ಆ ಫ್ರಿಜ್ಜು ಆರಿಸಿ ಅಂತ ಅಡುಗೆಯವರ ಹತ್ತಿರ ಬೇಡಿಕೊಂಡೆ, ಸೌಟು ತೋರಿಸಿದರು. ಜೋರಾಗಿ ನುಡಿಸಿದರೆ ಮುಚ್ಚಿಹೋಗುತ್ತೆ, ಮೆಲ್ಲಗೆ ನುಡಿಸೋ ಜಾಗದಲ್ಲೇ ಹಾಳಾದ್ದು ಎದ್ದು ಬರುತ್ತೆ. ಶನಿವಾರದೊಳಗೆ ನಿಲ್ಲದಿದ್ದರೆ ನಿಮ್ಮ ಬದಲು ರೆಕಾರ್ಡು ಹಾಕ್ತೀವಿ ಅಂತ ಮ್ಯಾನೇಜರು ಹೇಳಿಬಿಟ್ಟ. ಇಪ್ಪತ್ತೆರಡು ವರ್ಷ ಅದೇ ಕಂಬದ ಪಕ್ಕ ಕೂತಿದ್ದೀನಿ. ಕಂಬಕ್ಕೆ ಸುಣ್ಣ ಬಳಿಯೋರು ನನಗೂ ಒಂದು ಕೈ ಬಳಿದು ಹೋಗಬೇಕು, ಅಷ್ಟು ಒಂದಾಗಿದ್ದೀವಿ."

ಗಿಟಾರಿನವನು ಇಷ್ಟು ಹೇಳಿದ್ದು ತನ್ನ ಹಳೇ ಸ್ನೇಹಿತರಾದ ರೇಡಿಯೋ ರಿಪೇರಿಯವರಿಗೆ, ಒಂದು ಮಂಗಳವಾರ ಬೆಳಿಗ್ಗೆ. ಆ ತಿಂಗಳಲ್ಲಿ ಅವನು ಅಲ್ಲಿಗೆ ಬಂದದ್ದು ಅದು ಮೂರನೆಯ ಸಲ. ರಿಪೇರಿಯವರು ಮತ್ತೆ ಸ್ಕ್ರೂ ಬಿಚ್ಚಿ, ಒಳಗಿನ ಬೆಸುಗೆಯನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿ, ಮುಚ್ಚಿ, ಅವನ ಕೈಗೇ ಕೊಟ್ಟು ನುಡಿಸಲು ಹೇಳಿದರು. ಒಂದು ಚೂರು ಸದ್ದಿಲ್ಲ. ರೋಗವಿಲ್ಲದವನಿಗೆ ಮದ್ದು ಕೊಡುವುದು ತನಗೆ ಬರುವುದಿಲ್ಲ ಸ್ವಾಮಿ ಎಂದು ಕೈ ಒರೆಸಿಕೊಂಡರು.

ಅವನಿಗೆ ಆಗ ಐವತ್ತರ ಆಸುಪಾಸು. ಹರೆಯದಲ್ಲಿ ಪೀಠೋಪಕರಣದ ಕಾರ್ಖಾನೆಯಲ್ಲಿ ಮೇಜು ಕುರ್ಚಿಗೆ ಪಾಲಿಶ್ ಹಾಕುತ್ತಿದ್ದವನು, ಯಾರೋ ರಿಪೇರಿಗೆಂದು ತಂದುಕೊಟ್ಟು ಮರೆತ ಮುರುಕು ಗಿಟಾರನ್ನು ಅಂಟು ಹಾಕಿ ನಿಲ್ಲಿಸಿ, ಅದರಲ್ಲೇ ಕಲಿತ. ಈಗಿನ ಕರೆಂಟಿನ ಗಿಟಾರು ಆಮೇಲೆ ಬಂದದ್ದು. ಮದುವೆಯಾಗಲಿಲ್ಲ. ಬೀದಿಯ ಮಕ್ಕಳು ತಂತಿ ಮಾಮ ಅನ್ನುತ್ತಿದ್ದವು. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದ ಅಕ್ಕನೇ ಮನೆಯಲ್ಲಿ ಅವನ ಜೊತೆಗಿದ್ದಳು. ಅವಳು ಮೂವತ್ತು ವರ್ಷದಿಂದ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಆ ಕರೆಂಟಿನ ಗಿಟಾರನ್ನು ಮಾತ್ರ ದಿನವೂ ಒಣ ಬಟ್ಟೆಯಿಂದ ಅವನೇ ಉಜ್ಜಿ ಒರೆಸುತ್ತಿದ್ದ, ಅಕ್ಕನೂ ಮುಟ್ಟುವಂತಿರಲಿಲ್ಲ. ಕಸ ಗುಡಿಸುವಾಗ ಮಲಗಿದ ಬಾಣಂತಿಯನ್ನು ಬಳಸಿ ಹೋದ ಹಾಗೆ ಪೊರಕೆ ಬಳಸಿ ಹೋಗಬೇಕಿತ್ತು.

ಬುಧವಾರ ತಾನೇ ನೋಡಿಬಿಡುತ್ತೇನೆಂದು ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತ. ಬೆರಳು ಸುಟ್ಟುಕೊಂಡ. ಚರಚರ ಹೋಗಲಿಲ್ಲ, ಅದರ ಜೊತೆಗೆ ಮೊದಲಿಲ್ಲದ ಗುಂಯ್‌ಗುಡುವಿಕೆಯೊಂದು ಸೇರಿಕೊಂಡಿತು. ಗುರುವಾರ ಅದನ್ನು ತೆಗೆಸಲು ಮತ್ತೆ ಅಂಗಡಿ. ರಿಪೇರಿಯವರು ತೆಗೆದುಕೊಟ್ಟರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಆಗುತ್ತಿತ್ತು. ನಿಮ್ಮ ಕಿವಿ ಮಂದವಾಗಿದೆ, ಅದಕ್ಕೇ ನಿಮಗೆ ಕೇಳಿಸುತ್ತಿಲ್ಲ ಅಂದುಬಿಟ್ಟ. ರಿಪೇರಿಯವರೋ ನಲವತ್ತು ವರ್ಷ ಕಿವಿಯಿಂದಲೇ ಹೊಟ್ಟೆ ಹೊರೆದ ಮನುಷ್ಯ. ಗಿಟಾರನ್ನು ಮೇಜಿನ ಈಚೆಗೆ ತಳ್ಳಿ, ಹಾಡಹಗಲೇ ಬಾಗಿಲು ಎಳೆದುಕೊಂಡರು.

ಶುಕ್ರವಾರ ಆ ಎಳೆದ ಬಾಗಿಲ ಮುಂದೆ ಬಹಳ ಹೊತ್ತು ನಿಂತು ಮನೆಗೆ ಬರುವಷ್ಟರಲ್ಲಿ ತಡವಾಗಿತ್ತು. ಹೋಟೆಲಿನವರು ಹೊಸದಾಗಿ ಕೊಟ್ಟಿದ್ದ ಮಿರಿಮಿರಿ ಮಿಂಚುವ ನೀಲಿ ಕೋಟನ್ನು ಅವನು ದಿನವೂ ಮಡಿಸಿ ಒಯ್ದು ಅಲ್ಲೇ ಹಾಕಿಕೊಳ್ಳುತ್ತಿದ್ದ. ಅವತ್ತು ಅವಸರಕ್ಕೆ ಮನೆಯಲ್ಲೇ ತೊಟ್ಟು, ಹೊರಡುವ ಮುಂಚೆ ಒಂದು ಸಲ ನೋಡೋಣವೆಂದು ಮನೆಯ ಚಿಕ್ಕ ಸ್ಪೀಕರ್ ಪೆಟ್ಟಿಗೆಗೆ ಪಿನ್ ಸಿಕ್ಕಿಸಿ ಮಂಚದ ಮೇಲೆ ಕೂತು ನುಡಿಸಿದ.

ಚರ್.

ಮನೆಗೂ ಬಂತಲ್ಲ ಪೀಡೆ ಎಂದು ತಲೆ ಮೇಲೆ ಕೈ ಹೊತ್ತ. ಅಡುಗೆಮನೆಯಿಂದ ಅಕ್ಕ ಒಲೆ ಒರೆಸುವ ಬಟ್ಟೆ ಹಿಡಿದೇ ಬಂದಳು.

"ಈ ಸದ್ದು ನನಗೆ ಗೊತ್ತಲ್ಲೋ. ನೈಲಾನು ಬಟ್ಟೆ ಒಣಗಿ ಬಂದಾಗ ರಾಶಿಯಿಂದ ಒಂದೊಂದೇ ಎಳೀತೀವಲ್ಲ, ಆಗ ಹೀಗೇ ಅನ್ನುತ್ತೆ. ಕೈ ಮೇಲಿನ ಕೂದಲು ಎದ್ದು ನಿಲ್ಲುತ್ತೆ. ಆ ಕೋಟು ತೆಗಿ."

"ಬಟ್ಟೆ ವಿಷಯ ಅಲ್ಲ ಅಕ್ಕ ಇದು."

"ತೆಗೀತೀಯೋ, ನಾನೇ ತೆಗೀಲೋ?"

ತೆಗೆದ. ನುಡಿಸಿದ. ಸದ್ದಿಲ್ಲ. ಹಾಕಿಕೊಂಡ, ಚರ್. ತಂತಿಗಳ ಕೆಳಗೆ ಗಿಟಾರಿನ ಮೈಗೆ ಬಿಳಿ ಪ್ಲಾಸ್ಟಿಕ್ ಹಾಳೆಯೊಂದನ್ನು ಕೂರಿಸಿರುತ್ತಾರೆ. ಕೋಟಿನ ತೋಳು ಅದರ ಮೇಲೆ ಉಜ್ಜಿದಾಗಲೆಲ್ಲ ಕಣ್ಣಿಗೆ ಕಾಣದ ಕಿಡಿ ಹುಟ್ಟುತ್ತಿತ್ತು. ಅಂಗಡಿಗೆ ಅವನು ಯಾವಾಗಲೂ ಹತ್ತಿಯ ಅಂಗಿಯಲ್ಲೇ ಹೋಗುತ್ತಿದ್ದ. ಈ ಬಟ್ಟೆ ಕಚ್ಚುತ್ತೆ ಕಣೋ ಎಂದು ಕೋಟು ಬಂದ ದಿನವೇ ಅಕ್ಕ ಹೇಳಿದ್ದಳು. ಬಟ್ಟೆ ನಿನಗೆ, ಗಿಟಾರು ನನಗೆ ಎಂದು ಅವನು ಬಾಯಿ ಮುಚ್ಚಿಸಿದ್ದ.

ಅವನಿಗೆ ಸಂತೋಷವೇನೂ ಆಗಲಿಲ್ಲ. ಮೈ ಉರಿಯಿತು. ಇಡೀ ತಿಂಗಳು, ಸುಟ್ಟ ಬೆರಳು, ಒಬ್ಬ ಹಳೇ ಸ್ನೇಹಿತ, ಎಲ್ಲ ಒಂದು ತೋಳಿನ ಪಾಲಾಗಿತ್ತು. ಕೋಟಿಲ್ಲದೆ ಹೋದರೆ ಮ್ಯಾನೇಜರು ಒಳಗೇ ಬಿಡುವುದಿಲ್ಲ, ಅದು ಬೇರೆ. ಅಕ್ಕ ಹಳೇ ಹಾಸಿಗೆ ಹೊದಿಕೆಯಿಂದ ಹತ್ತಿ ಬಟ್ಟೆ ಕತ್ತರಿಸಿ ತೋಳಿನ ಹೊರಮೈಗೆ ಮುಂಗೈವರೆಗೆ ಹೊಲಿದಳು. ಆಮೇಲೆ ಗಿಟಾರಿನ ಕಡೆ ನೋಡಿ, ನಿನ್ನ ಒಣ ಬಟ್ಟೆಯ ಉಜ್ಜಾಟವನ್ನೂ ನಿಲ್ಲಿಸು, ಒಣಗಿದ್ದು ಉಜ್ಜಿದರೆ ಕಿಡಿ ಏಳುತ್ತೆ, ಅದಕ್ಕೆ ಒದ್ದೆ ಬಟ್ಟೆ ಬೇಕು ಅಂದಳು. ಅವನು ಗಿಟಾರನ್ನು ಅವಳ ಮಡಿಲಿಗೆ ಇಟ್ಟ.

ಶನಿವಾರ ಮೆಲ್ಲಗಿನ ಜಾಗವೂ ಮೆಲ್ಲಗೇ ಕೇಳಿಸಿತು. ಮ್ಯಾನೇಜರು ಕೊನೆಯವರೆಗೂ ಕಂಬಕ್ಕೆ ಒರಗಿ ಕೇಳಿ, ತೋಳಿನ ತೇಪೆ ಕಾಣುತ್ತಿದೆ, ನೀಲಿ ಬಣ್ಣ ಹಾಕಿಸಿ ಎಂದು ಹೇಳಿ ಹೋದ. ರೆಕಾರ್ಡಿನ ಮಾತು ಎತ್ತಲಿಲ್ಲ.

ಸೋಮವಾರ ರಿಪೇರಿಯವರ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದ. ಅವರು ತಲೆ ಎತ್ತದೆ ಕೇಳಿಸಿಕೊಂಡು, "ಮನೇಲಿ ಇಂಥ ಡಾಕ್ಟರನ್ನ ಇಟ್ಕೊಂಡು ನನ್ನ ಪ್ರಾಣ ಯಾಕಪ್ಪ ತಿಂದೆ?" ಅಂದರು. ಕೂರು ಅನ್ನಲಿಲ್ಲ. ಆದರೆ ಬಾಗಿಲು ತೆರೆದೇ ಇತ್ತು.

ಈಗ ಸಂಜೆ ಅವನು ಹೊರಡುವ ಮುಂಚೆ ಅಕ್ಕ ಒಲೆ ಒರೆಸಿ, ಬಟ್ಟೆಯನ್ನು ಬಚ್ಚಲಲ್ಲಿ ಎರಡು ನೀರಿಗೆ ಹಿಂಡಿ ಕೊಡವಿ, ಮಂಚದ ಹತ್ತಿರ ಬರುತ್ತಾಳೆ. ಅವನು ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾನೆ. ಅವಳು ಬಿಳಿ ಹಾಳೆಯನ್ನು ಮೇಲಿನಿಂದ ಕೆಳಗೆ ಒರೆಸಿ, ಬಟ್ಟೆಯನ್ನು ಹಗ್ಗದ ಮೇಲೆ ಒಣಹಾಕುತ್ತಾಳೆ.