ಅಫೀಮು ಬಿಟ್ಟ ಮೇಲಿನ ಹಗಲುಗಳು

ಅಫೀಮು ಬಿಡುವಾಗಿನ ನೋವನ್ನು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಮೈಕೈ ಮುರಿದಂತಾಗುವುದು, ಕಣ್ಣು ಮೂಗು ಸೋರುವುದು, ಹೊಟ್ಟೆ ಕಿತ್ತುಕೊಂಡು ಬರುವುದು, ಇವೆಲ್ಲ ಕಾಯಿಲೆಯ ಹಾಗೆಯೇ ಕಾಣುತ್ತವೆ. ನೋಡಿದವರು ಅಯ್ಯೋ ಅನ್ನುತ್ತಾರೆ. ಆಮೇಲೆ ಬಂದದ್ದನ್ನು ಹೇಳುವುದು ಕಷ್ಟ. ಬೇಜಾರು ಎನ್ನುವ ಮಾತು ಬಿಟ್ಟರೆ ಅದಕ್ಕೆ ನನ್ನ ಹತ್ತಿರ ಬೇರೆ ಮಾತಿಲ್ಲ. ಆ ಮಾತು ಕೇಳಿದರೆ ನಮ್ಮ ಕಡೆ ಜನ ನಗುತ್ತಾರೆ. ಎದ್ದು ಸಗಣಿ ಬಾಚುವುದರಿಂದ ಹಿಡಿದು ಮಲಗುವ ತನಕ ಗೇಯುವ ಹೆಂಗಸಿಗೆ ಬೇಜಾರು ಎಲ್ಲಿಂದ ಬರಬೇಕು?

ನಾನು ಮಳವಳ್ಳಿಯವಳು. ಅಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು, ಹಾಗಾಗಿ ನನಗೆ ನಾಲ್ಕಕ್ಷರ ಬಂತು. ಹದಿನಾರು ತುಂಬುವುದರೊಳಗೆ ಕೆರಗೋಡಿನ ಪಕ್ಕದ ಹಳ್ಳಿಯ ಒಕ್ಕಲು ಮನೆಗೆ ಕೊಟ್ಟರು. ನಾಲೆ ನೀರು ಬಂದು ಹೊಲಗಳೆಲ್ಲ ಗದ್ದೆಯಾಗುತ್ತಿದ್ದ ಕಾಲ. ಮನೆಯಲ್ಲಿ ಅತ್ತೆ, ಭಾವ, ಓರಗಿತ್ತಿ, ನನ್ನ ಗಂಡ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೇಗೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೊದಲನೆಯದು ಮಗಳು. ಎರಡನೆಯ ಹೆರಿಗೆಯಲ್ಲಿ ಮಗ ಹುಟ್ಟಿದ, ನನ್ನ ಸೊಂಟ ಬಿದ್ದುಹೋಯಿತು. ಎದ್ದರೆ ಕೂರಲಾರೆ, ಕೂತರೆ ಏಳಲಾರೆ. ಪಕ್ಕದೂರಿನ ನಾಟಿ ವೈದ್ಯ ಒಂದು ಕರೀ ಗುಳಿಗೆ ಕೊಟ್ಟ. ನುಂಗಿದ ಸ್ವಲ್ಪ ಹೊತ್ತಿಗೆ ಸೊಂಟ ಇದೆ ಎನ್ನುವುದೇ ಮರೆತುಹೋಯಿತು. ವೈದ್ಯ ಹದಿನೈದು ದಿನಕ್ಕೆ ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ. ಮಂಡ್ಯದಿಂದ ಬರುತ್ತಿದ್ದ ಬಳೆಗಾರ್ತಿ ಅಲ್ಲಿನ ಅಫೀಮಿನ ಅಂಗಡಿಯಿಂದ ತಂದು ಬಳೆ ಮಲಾರದೊಳಗೆ ಇಟ್ಟುಕೊಂಡು ಬರುತ್ತಿದ್ದಳು. ನಾನು ಕಾಳು ತುಂಬಿಡುವ ವಾಡೆಯಿಂದ ರಾಗಿಯನ್ನೋ ಅವರೆಕಾಳನ್ನೋ ಮಡಿಲಲ್ಲಿ ಕಟ್ಟಿ ಕೊಡುತ್ತಿದ್ದೆ. ಹೀಗೆ ಒಂದೂವರೆ ವರ್ಷ ನಡೆಯಿತು.

ಸಂಕ್ರಾಂತಿಗೆ ಇನ್ನೆರಡು ದಿನ ಇತ್ತು. ಒಲೆಯ ಮುಂದೆ ಕೂತು ರಾಗಿ ಅಂಬಲಿ ತಿರುವುತ್ತಿದ್ದವಳು ಹಾಗೇ ತೂಕಡಿಸಿಬಿಟ್ಟೆ. ಮಗಳು ಹಸಿವು ಅಂತ ಬಂದು ಮಡಕೆಗೆ ಕೈ ಹಾಕಿದಳು. ಅವಳಿಗೆ ಆಗ ನಾಲ್ಕು ವರ್ಷ. ಅವಳು ಕಿರುಚಿದ್ದು ನನಗೆ ಕೇಳಲಿಲ್ಲ. ಹಿತ್ತಲಲ್ಲಿದ್ದ ಓರಗಿತ್ತಿಗೆ ಕೇಳಿಸಿತು.

ಗಂಡ ನನಗೆ ಹೊಡೆಯಲಿಲ್ಲ. ಮಗಳನ್ನೂ ನನ್ನನ್ನೂ ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಹೋದರು. ಡಾಕ್ಟರು ಅವಳ ಕೈಗೆ ಮುಲಾಮು ಸುತ್ತಿದರು. ನನಗೆ ದಿನದಿನಕ್ಕೆ ಅಫೀಮು ಕಡಿಮೆ ಮಾಡುತ್ತಾ ಬಂದು ಕೊನೆಗೆ ಪೂರ್ತಿ ನಿಲ್ಲಿಸಿದರು. ಶಿವರಾತ್ರಿ ಹೊತ್ತಿಗೆ ನಡುಕ ನಿಂತಿತು. ಊಟ ಸೇರತೊಡಗಿತು. "ಇನ್ನು ನಿಮಗೇನೂ ಇಲ್ಲ, ಮನೆಗೆ ಹೋಗಿ" ಅಂದರು.

ಮನೆ ಬಾಗಿಲಲ್ಲೇ ಅತ್ತೆ ನಿಂತಿದ್ದರು.

"ನೋಡಮ್ಮಿ, ಇನ್ಮೇಲೆ ನೀನು ವಾಡೆ ತಾವ್ಕೆ ಓಗ್ಬ್ಯಾಡ. ಒಲೆ ಮುಂದೆ ಕೂರ್ಬ್ಯಾಡ. ಮಕ್ಳ ಎತ್ಕೋಬ್ಯಾಡ. ಉಣ್ಣು, ಕೂತ್ಕೊ. ಅಷ್ಟೇಯ."

"ಎಷ್ಟು ದಿನ ಅತ್ತೆ?"

"ನಂಗೇನ್ ಗೊತ್ತು? ನೀನು ಸರ್ಯಾಗೋ ಗಂಟ."

ಅಲ್ಲಿಂದ ಶುರುವಾಯಿತು. ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದೆ. ತೊಟ್ಟಿಯೊಳಗೆ ಬಿಸಿಲು ಬೀಳುತ್ತಿತ್ತು, ಪಡುವಣ ಗೋಡೆಯಿಂದ ಮೂಡಣ ಗೋಡೆಗೆ ಹರಿಯಲು ಅದು ತೆಗೆದುಕೊಳ್ಳುತ್ತಿದ್ದ ಹೊತ್ತು ನನಗೊಬ್ಬಳಿಗೇ ಗೊತ್ತು. ಅಫೀಮು ತಿನ್ನುವಾಗ ಬೆಳಿಗ್ಗೆ ಕೂತವಳು ಕಣ್ಣು ಬಿಟ್ಟರೆ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು. ಈಗ ಒಂದು ಹಗಲೊಳಗೆ ಹತ್ತು ಹಗಲು ಇದ್ದವು. ಓರಗಿತ್ತಿ ರಾಗಿ ಬೀಸುವ ಸದ್ದು ಕೇಳಿದರೆ ನನ್ನ ತೋಳುಗಳು ತಾವಾಗಿಯೇ ಅಲುಗುತ್ತಿದ್ದವು. "ಅಕ್ಕ, ನಾನೂ ಒಂದು ಕೈ ಹಿಡೀತೀನಿ" ಎಂದರೆ, "ಬ್ಯಾಡ ಕಣಮ್ಮ, ಅತ್ತೆ ಬೈತಾರೆ" ಅನ್ನುತ್ತಿದ್ದಳು. ನಿಜವಾಗಿ ಅವಳಿಗೇ ನನ್ನ ಹತ್ತಿರ ಕೂರಲು ಹೆದರಿಕೆ. ನನ್ನ ಮಗ ಅವಳ ಸೊಂಟದ ಮೇಲೇ ಇರುತ್ತಿದ್ದ, ಅವಳನ್ನೇ ಅವ್ವ ಅನ್ನಲು ಕಲಿಯುತ್ತಿದ್ದ.

ಮಗಳು ಬರುತ್ತಿದ್ದಳು. ಹೊಸ್ತಿಲ ಆಚೆ ನಿಂತು ಕೇಳುತ್ತಿದ್ದಳು, "ಅವ್ವಾ, ನಿದ್ದೆ ಬತ್ತೈತಾ?"

"ಇಲ್ಲ ಬಾ ಮಗ."

ಅವಳು ನನ್ನ ಕಣ್ಣನ್ನೇ ಕೊಂಚ ಹೊತ್ತು ನೋಡಿ ಓಡಿಹೋಗುತ್ತಿದ್ದಳು.

ಓದು ಬರುತ್ತದಲ್ಲ ಎಂದು ಗಂಡ ಬೆಲ್ಲದ ಅಂಗಡಿಯಿಂದ ಹಳೇ ಪೇಪರು ತಂದುಕೊಟ್ಟರು. ಎಲ್ಲವೂ ಅರ್ಧಕ್ಕೆ ಹರಿದಂಥವು. ಯುದ್ಧದ ಸುದ್ದಿ ಶುರುವಾಗುತ್ತಿತ್ತು, ಮುಗಿಯುತ್ತಿರಲಿಲ್ಲ. ಎಣ್ಣೆ, ಸೋಪು, ತಲೆನೋವಿನ ಮಾತ್ರೆಯ ಜಾಹೀರಾತನ್ನೆಲ್ಲ ಬಾಯಿಪಾಠವಾಗುವಷ್ಟು ಓದಿದೆ. ಅವೂ ಮುಗಿದ ಮೇಲೆ ಸೀರೆಯ ಅಂಚಿನ ಹೊಲಿಗೆ ಬಿಚ್ಚಿದೆ, ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಬಟ್ಟೆ ಜರಡಿಯಾಯಿತು.

ಒಂದು ದಿನ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಒಂದು ಹಿಡಿ ರಾಗಿ, ಒಂದು ಹಿಡಿ ಸಾಸಿವೆ ತಂದು ಮೊರದಲ್ಲಿ ಬೆರೆಸಿದೆ. ಒಂದೊಂದೇ ಕಾಳು ಬೇರೆ ಮಾಡುತ್ತಾ ಕೂತೆ. ಮುಗಿದ ಮೇಲೆ ಮತ್ತೆ ಬೆರೆಸಿದೆ. ಮೂರನೆಯ ಸಲ ಬೆರೆಸುವಾಗ ಅತ್ತೆ ಬಂದರು.

"ಇದ್ನೂ ಮಾರಾಕೆ ಕದ್ಯಾ?"

"ಇಲ್ಲ ಅತ್ತೆ. ಆರಿಸ್ತಾ ಇದೀನಿ."

"ಯಾಕೆ? ಯಾರ್ ಬೆರ್ಸಿದ್ದು?"

"ನಾನೇ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅವರ ಮುಖ ಬಿಳುಚಿಕೊಂಡಿತು. ಮೊರ ಎತ್ತಿಕೊಂಡು ಒಳಗೆ ಹೋದರು.

ಆಷಾಢ ಬಂತು. ನನಗೆ ಸಾಯಬೇಕೆಂದು ಆಸೆ ಇರಲಿಲ್ಲ. ಏನಾದರೂ ಆಗಬೇಕು, ಅಷ್ಟೇ. ಮನೆಗೆ ಬೆಂಕಿ ಬಿದ್ದರೂ ಸರಿ. ಮಕ್ಕಳಿರುವ ಮನೆಯಲ್ಲಿ ಕೂತು ಹಾಗೆ ಬಯಸಿದೆನಲ್ಲ ಎಂದು ಆಮೇಲೆ ನನ್ನ ಮೈ ನನಗೇ ಅಸಹ್ಯವಾಯಿತು. ಅಸಹ್ಯವೂ ಸ್ವಲ್ಪ ಹೊತ್ತಷ್ಟೇ. ಮತ್ತೆ ಅದೇ ಕಂಬ, ಅದೇ ಬಿಸಿಲು.

ಗಂಡಸರೆಲ್ಲ ಕಬ್ಬು ಕಡಿಯಲು ಹೋಗಿದ್ದ ಒಂದು ಬೆಳಿಗ್ಗೆ, ಅತ್ತೆ ಹಿತ್ತಲಲ್ಲಿದ್ದಾಗ ಬೀದಿ ಬಾಗಿಲಿಂದ ಹೊರಗೆ ನಡೆದೆ. ಕಿವಿಯ ಓಲೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಿದ್ದೆ. ರಸ್ತೆಗೆ ಬಂದು ಬಸ್ಸು ಹತ್ತಿದೆ. ಆಗ ಪೆಟ್ರೋಲು ಇರಲಿಲ್ಲ, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಮಂಡ್ಯ ಮುಟ್ಟುವುದರೊಳಗೆ ಎರಡು ಸಲ ನಿಲ್ಲಿಸಿ ಬೆಂಕಿ ಕೆದಕಿದರು. ಅಫೀಮಿನ ಅಂಗಡಿಯ ಮುಂದೆ ಬರೀ ಗಂಡಸರು. ಅವರು ಕರಗುವ ತನಕ ಎದುರು ಬದಿಯಲ್ಲಿ ಮುಸುಕು ಹೊದ್ದು ನಿಂತೆ. ಆಮೇಲೆ ಹೋಗಿ ಓಲೆ ಕೊಟ್ಟೆ. ಅಂಗಡಿಯವನು ನನ್ನ ಮುಖ ನೋಡದೆ ಓಲೆ ನೋಡಿದ, ಕಾಗದದ ಪೊಟ್ಟಣ ಕೊಟ್ಟ.

ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕೂತು ಪೊಟ್ಟಣ ಬಿಚ್ಚುತ್ತಿದ್ದೆ. ಕಬ್ಬಿನ ಗಾಡಿಗಳ ಸಾಲು ಹೋಗುತ್ತಿತ್ತು. ಒಂದು ಗಾಡಿಯಿಂದ ಅತ್ತೆ ಇಳಿದರು, ನಾನು ಕಾಣದಿದ್ದಾಗ ಮಂಡ್ಯಕ್ಕೇ ಬಂದಿರುತ್ತೇನೆಂದು ಊಹಿಸಿದ್ದರಂತೆ. ತಲೆ ಕೆದರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಂದು ನನ್ನ ಪಕ್ಕ ಕುಕ್ಕರಿಸಿದರು.

"ತಕ್ಕೊಂಡ್ಯಾ?"

"ಊಂ."

"ತಿಂದ್ಯಾ?"

"ಇನ್ನೂ ಇಲ್ಲ."

"ಏಟು ತಕ್ಕೊಂಡೆ?"

"ಮೊದ್ಲು ತಿಂತಿದ್ದಷ್ಟು."

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ನಿಮ್ಮಾವ ಎಂಗ್ ಸತ್ರು ಗೊತ್ತಾ ನಿಂಗೆ? ಅವ್ರೂ ಇದ್ನೇ ತಿಂತಿದ್ರು. ಬುಟ್ರು ಕಣಮ್ಮಿ. ನಾಕು ತಿಂಗ್ಳು ಬುಟ್ಟಿದ್ರು. ನೋವೆಲ್ಲ ಓಗಿತ್ತು. ಜಗ್ಲಿ ಮೇಲೆ ಕೂತ್ಕೊಂಡು, 'ಒತ್ತೇ ಓಯ್ತಿಲ್ಲ ಕಣೇ' ಅಂತಿದ್ರು. ನಾನು ನಗಾಡ್ದೆ. ಉಣ್ಣಾಕೈತೆ, ಉಡಾಕೈತೆ, ಇವ್ರಿಗೆ ಒತ್ತು ಓಗ್ದಂಗೆ ಏನು ಬಂದೈತೆ ಅಂತ. ಒಂದಿನ ಮೊದ್ಲಿನಷ್ಟೇ ತಂದು ತಿಂದ್ರು. ಮೈಗೆ ಅದು ಮರ್ತೋಗಿತ್ತಂತೆ, ತಡೀನಿಲ್ಲ. ಮಲ್ಗಿದೋರು ಏಳ್ನೇ ಇಲ್ಲ."

ಕಬ್ಬಿನ ಗಾಡಿಗಳು ಹೋಗುತ್ತಲೇ ಇದ್ದವು.

"ನೀನು ಅವತ್ತು ಕಾಳು ಬೆರ್ಸಿ ಆರುಸ್ತಿದ್ದಲ್ಲ, ನನ್ ಎದೆ ಒಡ್ದೋಯ್ತು. ಅವ್ರ್ ಕಣ್ಣಂಗೇ ಇತ್ತು ನಿನ್ ಕಣ್ಣು. ಏನ್ ಮಾಡ್ಬೇಕು ಅಂತ ತಿಳೀನಿಲ್ಲ ನಂಗೆ."

ಆಮೇಲೆ ಅಂಗೈ ಚಾಚಿದರು. "ಕಿತ್ಕೊಳಾಕೆ ನಂಗೆ ಸಕ್ತಿ ಇಲ್ಲ. ನೀನೇ ಕೊಡು."

ನಾನು ಕೊಡಲಿಲ್ಲ. ಸುಳ್ಳು ಏಕೆ ಹೇಳಲಿ? ಮಕ್ಕಳ ಮುಖ ನೆನೆದು ಕೊಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಕೆರಗೋಡಿನ ಬಸ್ಸು ಒಂದು ಹೋಯಿತು. ಅತ್ತೆ ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು ಹಾಗೇ ಚಾಚಿಕೊಂಡೇ ಇದ್ದರು. ನನಗೆ ಸಾವಿನ ಭಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಹೊತ್ತು ಹೋಗುವುದಿಲ್ಲ ಎನ್ನುವುದು ಒಂದು ಕಾಯಿಲೆ, ಅದರಿಂದ ಮನುಷ್ಯ ಸಾಯುತ್ತಾನೆ ಎಂದು ನಂಬಿದ ಒಂದು ಜೀವ ನನ್ನ ಪಕ್ಕದಲ್ಲಿತ್ತು. ಎರಡನೆಯ ಬಸ್ಸು ಬರುವ ಹೊತ್ತಿಗೆ ಪೊಟ್ಟಣ ಅವರ ಕೈಗೆ ಹಾಕಿದೆ. ಅವರು ಅದನ್ನು ಚರಂಡಿ ನೀರಲ್ಲಿ ಕದಡಿ, ಕೈಯನ್ನು ಮಣ್ಣಿಗೆ ಉಜ್ಜಿ ಉಜ್ಜಿ ಒರೆಸಿದರು. ನಾನು ಆ ಚರಂಡಿಯನ್ನೇ ನೋಡುತ್ತಿದ್ದೆ. ಇಳಿದು ಬಾಚಿ ಕುಡಿಯೋಣ ಎನಿಸಿತ್ತು. ಅವರು ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿದರು.

ಅತ್ತೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಓಲೆ ನಾಲೆಯಲ್ಲಿ ಬಟ್ಟೆ ಒಗೆಯುವಾಗ ಬಿದ್ದುಹೋಯಿತು ಅಂದರು. ಮಾರನೆಯ ಬೆಳಿಗ್ಗೆ, "ನನ್ ಜತೆ ಬಾ" ಎಂದು ನಾಟಿ ಗದ್ದೆಗೆ ಕರೆದುಕೊಂಡು ಹೋದರು. ಒಂದು ಸಾಲು ನೆಡುವುದರೊಳಗೆ ನನಗೆ ಕಣ್ಣು ಕತ್ತಲೆ ಬಂತು. ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಕೆಲಸ ಸಿಕ್ಕರೆ ಬೇಜಾರು ಹೋಗುತ್ತದೆ ಎಂದುಕೊಂಡಿದ್ದೆ. ಅದು ಗದ್ದೆಯ ಕೆಸರಿಗೂ ಇಳಿದು ಬಂದಿತ್ತು. ಪೈರು ನೆಡುತ್ತಿದ್ದ ಬೆರಳು ನನ್ನದಲ್ಲ, ಹಸಿರು ಹಸಿರಾಗಿ ಕಾಣುತ್ತಿರಲಿಲ್ಲ, ಸುತ್ತಲಿನ ಹೆಂಗಸರ ನಗು ಬಾವಿಯೊಳಗಿಂದ ಕೇಳಿದ ಹಾಗಿತ್ತು.

ಅತ್ತೆ ದಿನಾ ಬೆಳಿಗ್ಗೆ ಕೇಳುತ್ತಿದ್ದರು, "ಇವತ್ತು ಎಂಗೈತೆ?"

"ಹಂಗೇ ಐತೆ ಅತ್ತೆ."

"ಸರಿ, ನಡಿ."

ಒಂದು ವರ್ಷಕ್ಕೂ ಮೇಲೆ ಇದೇ ಮಾತು. ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ಕಳೆ ಕೀಳುತ್ತಿದ್ದೆ. "ಬುತ್ತಿ ಉಣ್ಣಾಕೆ ಬಾರಮ್ಮಿ" ಎಂದು ಅತ್ತೆ ಕೂಗಿದರು. ತಲೆ ಎತ್ತಿದರೆ ಹೊತ್ತು ನೆತ್ತಿಗೆ ಬಂದಿತ್ತು. ಹೊತ್ತು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ. ಎಲ್ಲಿ ಹೇಳಿದರೆ ಹೊರಟುಹೋಗುತ್ತದೋ ಎಂದು ಯಾರಿಗೂ ಹೇಳದೆ ಉಂಡೆ.

ಮಾರನೆಯ ದಿನ ಮತ್ತೆ ಮೊದಲಿನ ಹಾಗೇ ಇತ್ತು. ಅತ್ತೆ ಕೇಳಿದರು, ನಾನು ಹೇಳಿದೆ, ಇಬ್ಬರೂ ಗದ್ದೆಗೆ ಹೊರಟೆವು.